ಮನೆಯ 3ಡಿ ಮಾಡೆಲ್‌ನಿಂದ ಬ್ಲಾಕ್, ಸಿಮೆಂಟ್, ಟೈಲ್ಸ್ ಲೆಕ್ಕ ತೆಗೆಯುವುದು ಹೇಗೆ?

ಮನೆ ಕಟ್ಟಲು ಹೊರಟವರು ಈಗ ಮೊದಲು ಕಂಪ್ಯೂಟರಿನಲ್ಲೇ ಮನೆ ಕಟ್ಟಿ ನೋಡುತ್ತಾರೆ. ಸ್ವೀಟ್ ಹೋಮ್ 3ಡಿ, ಸ್ಕೆಚ್‌ಅಪ್ ಇಂಥ ಸಾಫ್ಟ್‌ವೇರಿನಲ್ಲಿ ಗೋಡೆ ಎಳೆದು, ಬಾಗಿಲು ಕೂರಿಸಿ, ಒಳಗೆ ಸೋಫಾನೂ ಇಟ್ಟು ಸುತ್ತಾಡುತ್ತಾರೆ. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಮಾಡೆಲ್ ರೆಡಿ ಇದೆ. ಇದರಿಂದ ಎಷ್ಟು ಬ್ಲಾಕ್, ಎಷ್ಟು ಮೂಟೆ ಸಿಮೆಂಟ್ ಅಂತ ತೆಗೆಯೋದು ಹೇಗೆ?"

ತೆಗೆಯಬಹುದು. ಆದರೆ ಮಾಡೆಲ್ ಕೊಡುವುದು ಅಳತೆ ಮಾತ್ರ. ಉದ್ದ ಎಷ್ಟು, ಎಷ್ಟು ಚದರ ಅಡಿ ಅನ್ನುವುದನ್ನು ಅದು ಹೇಳುತ್ತದೆ. ಅದನ್ನು ಮೂಟೆಗೂ ಲೋಡಿಗೂ ತಿರುಗಿಸುವ ಕೆಲಸ ನಿಮ್ಮದು. ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಮನೆಯ ಒಳಾಂಗಣ ನೋಡಲು ಮಾಡಿದ ಈ ಸಾಫ್ಟ್‌ವೇರುಗಳಲ್ಲಿ ಪಾಯ, ಪಿಲ್ಲರ್, ಬೀಮ್, ಕಂಬಿ ಯಾವುದೂ ತಾನಾಗಿ ಬರುವುದಿಲ್ಲ. ಅದೇ ಹೊತ್ತಿಗೆ ಗೋಡೆ ಮಾತ್ರ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಹಾಗಾಗಿ ಒಟ್ಟು ಮೊತ್ತ ನೋಡಿದಾಗ ಲೆಕ್ಕ ಸರಿಯಿದೆ ಅನ್ನಿಸುತ್ತದೆ, ಕೆಲಸ ಶುರುವಾದ ಮೇಲೆ ತಪ್ಪು ಗೊತ್ತಾಗುತ್ತದೆ. ಈ ಲೇಖನದ ಮುಖ್ಯ ಕಾಳಜಿ ಅದನ್ನು ತಪ್ಪಿಸುವುದು.

ಉದಾಹರಣೆಗೆ 30×40 ಸೈಟಿನಲ್ಲಿ ಹೊರಗಿನ ಅಳತೆ 24×32 ಅಡಿ ಇರುವ, ಪಿಲ್ಲರ್ ಹಾಕಿ ಕಟ್ಟುವ ಒಂದು ಅಂತಸ್ತಿನ ಮನೆಯನ್ನು ಇಟ್ಟುಕೊಳ್ಳೋಣ. ಅಂದರೆ 768 ಚದರ ಅಡಿ. ನಮ್ಮ ಕಡೆಯ ಮಾತಿನಲ್ಲಿ ಏಳೂಮುಕ್ಕಾಲು ಚದರಕ್ಕೆ ಸ್ವಲ್ಪ ಕಡಿಮೆ.

ಏನೇನು ಬೇಕು?

ಅಳತೆ ಸರಿಯಾಗಿ ಕೊಟ್ಟು ಮಾಡಿದ ಮಾಡೆಲ್, ಒಂದು ಎಕ್ಸೆಲ್ ಅಥವಾ ಲಿಬ್ರೆ ಆಫೀಸ್ ಶೀಟ್, ಮತ್ತು ಸ್ಟ್ರಕ್ಚರಲ್ ಎಂಜಿನಿಯರ್ ಕೊಟ್ಟ ಡ್ರಾಯಿಂಗ್. ಮೂರನೆಯದು ಇನ್ನೂ ಕೈಗೆ ಬಂದಿಲ್ಲ ಅಂದರೆ ಗೋಡೆ, ಪ್ಲಾಸ್ಟರ್, ಟೈಲ್ಸ್ ಲೆಕ್ಕ ಮಾತ್ರ ಮಾಡಿ. ಪಾಯ ಮತ್ತು ಕಂಬಿಯ ಲೆಕ್ಕಕ್ಕೆ ಕೈ ಹಾಕಬೇಡಿ.

1. ಮೊದಲು ಮಾಡೆಲನ್ನೇ ತಿದ್ದಿ

ಚೆನ್ನಾಗಿ ಕಾಣಲಿ ಅಂತ ಮಾಡಿದ ಮಾಡೆಲ್ ಲೆಕ್ಕಕ್ಕೆ ಆಗುವುದಿಲ್ಲ. ಸೆಟ್ಟಿಂಗಿಗೆ ಹೋಗಿ ಯೂನಿಟ್ ಅಡಿ-ಇಂಚಿನಲ್ಲಿದೆಯೋ ಸೆಂಟಿಮೀಟರಿನಲ್ಲಿದೆಯೋ ನೋಡಿ. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೂ ಅದರಲ್ಲೇ ಹೋಗಿ. ನಡುವೆ ಬದಲಾಯಿಸಿದರೆ ಗೊಂದಲ ಗ್ಯಾರಂಟಿ.

ಆಮೇಲೆ ಗೋಡೆಯ ದಪ್ಪ. ಸ್ವೀಟ್ ಹೋಮ್ 3ಡಿಯಲ್ಲಿ ಹೊಸ ಗೋಡೆ ಎಳೆದಾಗ ತಾನಾಗಿ ಬರುವ ದಪ್ಪ ಮೂರು ಇಂಚಿನ ಆಸುಪಾಸು. ನಮ್ಮಲ್ಲಿ ಹೊರಗೋಡೆ 6 ಅಥವಾ 8 ಇಂಚು, ಒಳಗೋಡೆ 4 ಅಥವಾ 6 ಇಂಚು. ಪ್ರತಿ ಗೋಡೆಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಉದ್ದ, ಎತ್ತರ, ದಪ್ಪ ಮೂರೂ ಕಾಣುತ್ತವೆ. ಅಲ್ಲೇ ತಿದ್ದಿ. ದಪ್ಪ ಬದಲಾದರೆ ಕೋಣೆಯ ಒಳ ಅಳತೆಯೂ ಬದಲಾಗುತ್ತದೆ, ಅದನ್ನೂ ಮತ್ತೊಮ್ಮೆ ನೋಡಿಕೊಳ್ಳಿ.

ಎತ್ತರದ ಬಗ್ಗೆ ಇನ್ನೂ ಜಾಸ್ತಿ ಹುಷಾರು ಬೇಕು. "ಹತ್ತು ಅಡಿ ಎತ್ತರ" ಅಂತ ಎಲ್ಲರೂ ಹೇಳುತ್ತಾರೆ. ಅದು ನೆಲದಿಂದ ತಾರಸಿಯ ತಳಕ್ಕೋ, ಈ ನೆಲದಿಂದ ಮೇಲಿನ ಅಂತಸ್ತಿನ ನೆಲಕ್ಕೋ? ಎಂಜಿನಿಯರ್ ಡ್ರಾಯಿಂಗಿನ ಸೆಕ್ಷನ್ ನೋಡಿ ಖಚಿತ ಮಾಡಿಕೊಳ್ಳಿ. ಮನೆಯನ್ನು ಮೇಲಿಂದ ಕೆಳಕ್ಕೆ ಸೀಳಿದ ಹಾಗೆ ತೋರಿಸುವ ಚಿತ್ರಕ್ಕೆ ಸೆಕ್ಷನ್ ಅನ್ನುತ್ತಾರೆ.

ಸ್ಕೆಚ್‌ಅಪ್ ಬಳಸುವವರು ಪಾಯ, ಗೋಡೆ, ತಾರಸಿ ಒಂದೊಂದನ್ನೂ ಬೇರೆ ಬೇರೆ ಗ್ರೂಪ್ ಮಾಡಿ. ಒಂದು ಮೇಲ್ಮೈಯನ್ನು ಆರಿಸಿದರೆ ಎಂಟಿಟಿ ಇನ್ಫೋ ಕಿಟಕಿಯಲ್ಲಿ ಅದರ ವಿಸ್ತೀರ್ಣ ಬರುತ್ತದೆ. ಗ್ರೂಪ್ ಎಲ್ಲ ಕಡೆ ಮುಚ್ಚಿದ ಗಟ್ಟಿ ಆಕಾರವಾಗಿದ್ದರೆ ಘನ ಅಳತೆಯೂ ಬರುತ್ತದೆ. ಘನ ಅಳತೆ ಕಾಣದಿದ್ದರೆ ಎಲ್ಲೋ ಒಂದು ಗೆರೆ ಜಾಸ್ತಿ ಇದೆ ಅಥವಾ ಒಂದು ಮೈ ತೆರೆದಿದೆ ಅಂತ ಅರ್ಥ. ಅದನ್ನು ಸರಿಮಾಡದೆ ಮುಂದೆ ಹೋಗಬೇಡಿ.

2. ಅಳತೆಯನ್ನು ಶೀಟಿಗೆ ಇಳಿಸಿ

ಶೀಟಿನಲ್ಲಿ ಆರು ಕಾಲಂ ಸಾಕು: ಯಾವ ಕೆಲಸ, ಎಷ್ಟು ಸಂಖ್ಯೆ, ಉದ್ದ, ಅಗಲ, ಎತ್ತರ, ಒಟ್ಟು. ಎಂಜಿನಿಯರುಗಳ ಮೆಷರ್‌ಮೆಂಟ್ ಬುಕ್ ಹೀಗೇ ಇರುತ್ತದೆ. ನಾಳೆ ಕಂಟ್ರಾಕ್ಟರ್ ಜೊತೆ ಕೂತು ಮಾತಾಡುವಾಗ ಇಬ್ಬರಿಗೂ ಅರ್ಥವಾಗುವ ರೂಪ ಇದು.

ಗೋಡೆಗಳಿಗೆ ಹೆಸರು ಕೊಡಿ. ಉತ್ತರ ಹೊರಗೋಡೆ, ಅಡುಗೆಮನೆ-ಹಾಲ್ ನಡುಗೋಡೆ, ಹೀಗೆ. ಸುಮ್ನೆ "ಗೋಡೆ 1, ಗೋಡೆ 2" ಅಂದರೆ ವಾರದ ನಂತರ ನಿಮಗೇ ನೆನಪಿರುವುದಿಲ್ಲ. ಬಾಗಿಲು-ಕಿಟಕಿಯನ್ನು ಒಂದೊಂದಾಗಿ ಬರೆಯುವ ಕಷ್ಟ ಬೇಡ. ಸ್ವೀಟ್ ಹೋಮ್ 3ಡಿಯಲ್ಲಿ ಬಾಗಿಲು-ಕಿಟಕಿಗಳೂ ಪೀಠೋಪಕರಣದ ಪಟ್ಟಿಯಲ್ಲೇ ಸೇರಿರುತ್ತವೆ. ಆ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ಹೊರಗೆ ತೆಗೆಯಬಹುದು. ಸಿಎಸ್‌ವಿ ಅಂದರೆ ಎಕ್ಸೆಲಿನಲ್ಲಿ ನೇರ ತೆರೆದುಕೊಳ್ಳುವ ಸರಳ ಪಟ್ಟಿ. ಸೋಫಾ, ಮಂಚದ ಸಾಲುಗಳನ್ನು ಅಳಿಸಿದರೆ ಬಾಗಿಲು-ಕಿಟಕಿಯ ಅಗಲ, ಎತ್ತರ ಉಳಿಯುತ್ತದೆ.

ಇಲ್ಲಿ ಬಹಳ ಜನ ಎಡವುವುದು ಮೂಲೆಗಳಲ್ಲಿ. ನಮ್ಮ ಮನೆಯ ಹೊರ ಅಳತೆ ಸುತ್ತಲೂ ಕೂಡಿದರೆ 112 ಅಡಿ. ಹಾಗೇ ತೆಗೆದುಕೊಂಡರೆ ನಾಲ್ಕು ಮೂಲೆಯೂ ಎರಡೆರಡು ಸಲ ಲೆಕ್ಕಕ್ಕೆ ಬಂದುಬಿಡುತ್ತದೆ. ಗೋಡೆಯ ನಡುಗೆರೆ ಹಿಡಿದು ಅಳೆದರೆ, 6 ಇಂಚಿನ ಗೋಡೆಗೆ 110 ಅಡಿ ಆಗುತ್ತದೆ. ಇದಕ್ಕೆ ಸೆಂಟರ್‌ಲೈನ್ ಲೆಕ್ಕ ಅನ್ನುತ್ತಾರೆ. ಎರಡೇ ಅಡಿ ವ್ಯತ್ಯಾಸ ಅಲ್ವಾ ಅನ್ನಬೇಡಿ. ಹತ್ತು ಅಡಿ ಎತ್ತರಕ್ಕೆ ಅದು 20 ಚದರ ಅಡಿ ಗೋಡೆ. ಪಾಯದ ಗುಂಡಿ ಮೂರಡಿ ಅಗಲ ಇರುವಾಗ ಇದೇ ತಪ್ಪು ಆರು ಪಟ್ಟು ಬೆಳೆಯುತ್ತದೆ. ಸ್ವೀಟ್ ಹೋಮ್ 3ಡಿ ತೋರಿಸುವ ಗೋಡೆ ಉದ್ದ ನಡುಗೆರೆಯದೇ. ಆದರೆ ಒಳಗೋಡೆ ಬಂದು ಹೊರಗೋಡೆಗೆ ತಾಗುವ ಜಾಗದಲ್ಲಿ ಹೊರಗೋಡೆಯ ಅರ್ಧ ದಪ್ಪ ಕಳೆಯಬೇಕು.

3. ಗೋಡೆಯಿಂದ ಬ್ಲಾಕಿಗೆ

ಒಂದೇ ಗೋಡೆಯನ್ನು ಪೂರ್ತಿ ಮಾಡಿ ತೋರಿಸುತ್ತೇನೆ. ಉಳಿದವು ಇದೇ ದಾರಿ.

ಮಾಡೆಲಿನಲ್ಲಿ ಒಂದು ಹೊರಗೋಡೆ 21.5 ಅಡಿ ಉದ್ದ, 10 ಅಡಿ ಎತ್ತರ ಇದೆ ಅನ್ನಿ. 215 ಚದರ ಅಡಿ. ಈಗ ಕಳೆಯುತ್ತಾ ಹೋಗಿ. ಈ ಉದ್ದದಲ್ಲಿ 9 ಇಂಚಿನ ಎರಡು ಪಿಲ್ಲರ್ ಬರುತ್ತವೆ, ಉಳಿದದ್ದು 20 ಅಡಿ. ತಾರಸಿ ಕೆಳಗೆ ಬೀಮ್ ಒಂದು ಅಡಿ ಇಳಿದಿದೆ, ಎತ್ತರ 9 ಅಡಿ. ಅಲ್ಲಿಗೆ 180 ಚದರ ಅಡಿ. 3×7ರ ಬಾಗಿಲು 21, 4×4ರ ಕಿಟಕಿ 16. ಉಳಿಯಿತು 143. ಬಾಗಿಲ ಮೇಲೆ 6 ಇಂಚಿನ ಲಿಂಟಲ್, ಅಂದರೆ ಕಾಂಕ್ರೀಟಿನ ಪಟ್ಟಿ, ಗೋಡೆಯ ಉದ್ದಕ್ಕೂ ಓಡುತ್ತದೆ, ಅದು 10 ಚದರ ಅಡಿ. ಕೊನೆಗೆ ಬ್ಲಾಕ್ ಕಟ್ಟುವ ಜಾಗ 133 ಚದರ ಅಡಿ.

ನಮ್ಮಲ್ಲಿ ಸಿಗುವ ಸಾಲಿಡ್ ಬ್ಲಾಕ್ 16×8 ಇಂಚು, ಅಂದರೆ 400×200 ಮಿಲಿಮೀಟರ್. ಸುತ್ತ 10 ಮಿಲಿಮೀಟರ್ ಗಾರೆ ಸೇರಿಸಿದರೆ ಒಂದು ಚದರ ಅಡಿಗೆ 1.08 ಬ್ಲಾಕ್ ಬೇಕು. 133ಕ್ಕೆ 144 ಬ್ಲಾಕ್. ಒಡೆಯುವುದು, ಕತ್ತರಿಸುವುದಕ್ಕೆ ನೂರಕ್ಕೆ 5 ಸೇರಿಸಿ, ಸುಮಾರು 151. ಏನೂ ಕಳೆಯದೆ, ಗಾರೆಯ ಸಂದನ್ನೂ ಬಿಟ್ಟು ಮಾಡೆಲಿನ 215 ಚದರ ಅಡಿಯನ್ನೇ ನಂಬಿದ್ದರೆ 242 ಬ್ಲಾಕ್ ತರಿಸುತ್ತಿದ್ದಿರಿ. ಒಂದೇ ಗೋಡೆಗೆ 91 ಬ್ಲಾಕ್ ಜಾಸ್ತಿ.

ಗಾರೆಯ ಲೆಕ್ಕಕ್ಕೆ ಗೋಡೆಯ ಘನ ಅಳತೆಯಿಂದ ಬ್ಲಾಕುಗಳ ಘನ ಅಳತೆ ಕಳೆಯಿರಿ. 6 ಇಂಚಿನ ಬ್ಲಾಕಾದರೆ ಈ ಗೋಡೆಯಲ್ಲಿ 0.125 ಘನ ಮೀಟರ್ ಉಳಿಯುತ್ತದೆ. ಇದು ಕಲಸಿದ ಗಾರೆ. ಒಣ ಸಿಮೆಂಟು, ಮರಳು ನೀರು ಬಿದ್ದ ಮೇಲೆ ಕುಗ್ಗುತ್ತವೆ, ಹಾಗಾಗಿ 1.33ರಿಂದ ಗುಣಿಸಬೇಕು. ಒಂದಕ್ಕೆ ಆರರ ಮಿಶ್ರಣವಾದರೆ ಏಳರಲ್ಲಿ ಒಂದು ಪಾಲು ಸಿಮೆಂಟ್. ಲೆಕ್ಕ 34 ಕೆಜಿ ಸುಮಾರಿಗೆ ಬರುತ್ತದೆ, ಕೆಳಗೆ ಬೀಳುವುದೂ ಸೇರಿ ಒಂದು ಮೂಟೆ ಹಿಡಿಯಿರಿ. ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು, ಐದಾರು ಸಿಎಫ್‌ಟಿ. ಸಿಎಫ್‌ಟಿ ಅಂದರೆ ಘನ ಅಡಿ.

ಹಾಲೋ ಬ್ಲಾಕ್, ಎಎಸಿ ಬ್ಲಾಕ್ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕ್), ಸುಟ್ಟ ಇಟ್ಟಿಗೆ ಬಳಸುವವರು ತಮ್ಮ ಬ್ಲಾಕಿನ ನಿಜ ಅಳತೆ ಹಾಕಿಕೊಳ್ಳಿ. ಎಎಸಿಗೆ ತೆಳು ಅಂಟು ಬರುತ್ತದೆ, ಗಾರೆಯ ಈ ಲೆಕ್ಕ ಅದಕ್ಕೆ ಹೊಂದುವುದಿಲ್ಲ.

4. ಕಾಂಕ್ರೀಟ್

ತಾರಸಿ ಸುಲಭ. 768 ಚದರ ಅಡಿ, 5 ಇಂಚು ದಪ್ಪ ಅಂದರೆ 320 ಘನ ಅಡಿ, ಸುಮಾರು 9.06 ಘನ ಮೀಟರ್. ದಪ್ಪವನ್ನು ಮಾಡೆಲ್ ನೋಡಿ ಹಾಕಬೇಡಿ, ಡ್ರಾಯಿಂಗ್ ನೋಡಿ ಹಾಕಿ.

ಮನೆಗಳಿಗೆ ಸಾಮಾನ್ಯವಾಗಿ ಬಳಸುವ ಎಂ20 ಕಾಂಕ್ರೀಟ್ 1:1.5:3ರ ಮಿಶ್ರಣ. ಒಂದು ಪಾಲು ಸಿಮೆಂಟ್, ಒಂದೂವರೆ ಮರಳು, ಮೂರು ಜಲ್ಲಿ. ಇಲ್ಲೂ ಒಣ ಸಾಮಗ್ರಿಗೆ 1.54ರಿಂದ ಗುಣಿಸುವ ಪದ್ಧತಿ ಇದೆ. ಅದನ್ನೆಲ್ಲ ಕೂಡಿಸಿ ನೋಡಿದರೆ ಒಂದು ಘನ ಮೀಟರಿಗೆ 8 ಮೂಟೆ ಸಿಮೆಂಟ್, 15 ಸಿಎಫ್‌ಟಿಗೆ ಸ್ವಲ್ಪ ಕಡಿಮೆ ಎಂ-ಸ್ಯಾಂಡ್, 30 ಸಿಎಫ್‌ಟಿಯಷ್ಟು 20 ಮಿಲಿಮೀಟರ್ ಜಲ್ಲಿ. ನಮ್ಮ ತಾರಸಿಗೆ 73 ಮೂಟೆ, 134 ಸಿಎಫ್‌ಟಿ ಮರಳು, 270 ಸಿಎಫ್‌ಟಿ ಜಲ್ಲಿ. ರೆಡಿಮಿಕ್ಸ್ ತರಿಸುವುದಾದರೆ ಇದೆಲ್ಲ ಬೇಡ, ಘನ ಮೀಟರ್ ಸಂಖ್ಯೆ ಹೇಳಿದರೆ ಸಾಕು. ಎಂಜಿನಿಯರ್ ಎಂ25 ಬರೆದಿದ್ದರೆ ಈ ಅನುಪಾತ ಬಳಸಬೇಡಿ, ಅವರನ್ನೇ ಕೇಳಿ.

ಬೀಮಿಗೆ ತಾರಸಿಯ ಕೆಳಗೆ ಇಳಿದ ಭಾಗ ಮಾತ್ರ ಹಿಡಿಯಿರಿ. 15 ಇಂಚಿನ ಬೀಮಿನಲ್ಲಿ 5 ಇಂಚು ಆಗಲೇ ತಾರಸಿಯಲ್ಲಿ ಸೇರಿಹೋಗಿದೆ. ಪಿಲ್ಲರಿಗೂ ಹಾಗೆಯೇ, ಬೀಮಿನ ತಳದವರೆಗೆ ಅಳೆದರೆ ಸಾಕು.

ಮಾಡೆಲಿನಲ್ಲಿ ಕಾಣದೆ ಮರೆತುಹೋಗುವ ಕಾಂಕ್ರೀಟ್ ಇನ್ನೂ ಇದೆ. ಲಿಂಟಲ್, ಸಜ್ಜಾ, ಅಡುಗೆಮನೆಯ ಕಟ್ಟೆ, ಅಟ್ಟ, ಮೆಟ್ಟಿಲು, ಪ್ಯಾರಾಪೆಟ್ ಮೇಲಿನ ಪಟ್ಟಿ, ಸಂಪ್, ನೆಲಕ್ಕೆ ಹಾಕುವ ಬೆಡ್ ಕಾಂಕ್ರೀಟ್. ಬಾತ್‌ರೂಮಿನಲ್ಲಿ ಇಳಿಸಿ ಹಾಕುವ ಸ್ಲ್ಯಾಬನ್ನು ಬಿಡಬೇಡಿ. ಒಂದೊಂದೂ ಚಿಕ್ಕದು, ಕೂಡಿದರೆ ಚಿಕ್ಕದಲ್ಲ.

5. ಪಾಯ

ಸ್ವೀಟ್ ಹೋಮ್ 3ಡಿಯಲ್ಲಿ ಒಂದು ಉಪಾಯ ಮಾಡಬಹುದು. ನೆಲಮಟ್ಟದ ಕೆಳಗೆ ಇನ್ನೊಂದು ಲೆವೆಲ್ ಸೇರಿಸಿ, ಅಲ್ಲಿ ಡ್ರಾಯಿಂಗಿನಲ್ಲಿರುವ ದಪ್ಪದ ಗೋಡೆ ಎಳೆಯಿರಿ. ಸೈಜುಗಲ್ಲಿನ ಪಾಯವಾದರೆ ಕೆಳಗೆ ಅಗಲ, ಮೇಲೆ ಬರುತ್ತಾ ಸಣ್ಣ. ಪ್ರತಿ ಮೆಟ್ಟಿಗೂ ಬೇರೆ ಲೆವೆಲ್ ಮಾಡಿದರೆ ಘನ ಅಳತೆ ತಪ್ಪುವುದಿಲ್ಲ. ಪಿಲ್ಲರ್ ಪಾಯದ ಗುಂಡಿಗಳಿಗೆ ಮಾಡೆಲ್ ಬೇಕಾಗಿಯೇ ಇಲ್ಲ. ಎಷ್ಟು ಗುಂಡಿ, ಉದ್ದ, ಅಗಲ, ಆಳ, ಅಷ್ಟನ್ನು ಶೀಟಿನಲ್ಲಿ ಬರೆಯಿರಿ.

ಪ್ಲಿಂತ್ ಒಳಗೆ ತುಂಬುವ ಮಣ್ಣು ಎಸ್ಟಿಮೇಟಿನಲ್ಲಿ ಬಿಟ್ಟುಹೋಗುವ ದೊಡ್ಡ ಬಾಬತ್ತು. ಪ್ಲಿಂತ್ ಅಂದರೆ ರಸ್ತೆ ಮಟ್ಟದಿಂದ ಮನೆಯ ನೆಲವನ್ನು ಎತ್ತರಿಸಿದ ಭಾಗ. ನಮ್ಮ ಮನೆಯನ್ನು ಎರಡು ಅಡಿ ಎತ್ತರಿಸಿದರೆ ಸುಮಾರು 1,500 ಘನ ಅಡಿ ಜಾಗ ತುಂಬಬೇಕು. ತೋಡಿದ ಮಣ್ಣು ಸ್ವಲ್ಪ ಒದಗುತ್ತದೆ, ಉಳಿದದ್ದು ಹೊರಗಿಂದ ಬರಬೇಕು. ತುಂಬಿ ದಮ್ಮಸ್ಸು ಮಾಡಿದ ಮೇಲೆ ಮಣ್ಣು ಕೂರುವುದರಿಂದ ಲೋಡು ಇನ್ನೂ ಹೆಚ್ಚು ಹಿಡಿಯುತ್ತದೆ.

6. ಕಂಬಿ: ಇಲ್ಲಿ ಮಾಡೆಲನ್ನು ನಂಬಬೇಡಿ

ಕಂಬಿ ಎಷ್ಟು ಬೇಕು ಅನ್ನುವುದು ವಿಸ್ತೀರ್ಣದಿಂದ ತಿಳಿಯುವ ವಿಷಯ ಅಲ್ಲ. ಭಾರ, ಪಿಲ್ಲರ್ ನಡುವಿನ ದೂರ, ಮಣ್ಣಿನ ಗಟ್ಟಿತನ ಎಲ್ಲವೂ ಅದರಲ್ಲಿದೆ. ಎಂಜಿನಿಯರ್ ಹತ್ತಿರ ಬಾರ್ ಬೆಂಡಿಂಗ್ ಶೆಡ್ಯೂಲ್ ಕೇಳಿ ತೆಗೆದುಕೊಳ್ಳಿ. ಯಾವ ಗಾತ್ರದ ಕಂಬಿ, ಎಷ್ಟು ಉದ್ದ, ಎಲ್ಲಿ ಬಗ್ಗಿಸಬೇಕು, ಎಷ್ಟು ತುಂಡು ಅಂತ ಹೇಳುವ ಪಟ್ಟಿ ಅದು.

ಉದ್ದ ಸಿಕ್ಕ ಮೇಲೆ ತೂಕ ನೀವೇ ತೆಗೆಯಬಹುದು. ಕಂಬಿಯ ಗಾತ್ರವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ. ಬರುವುದು ಒಂದು ಮೀಟರಿನ ತೂಕ, ಕೆಜಿಯಲ್ಲಿ. 12 ಮಿಲಿಮೀಟರ್ ಕಂಬಿಗೆ 144 ಭಾಗಿಸು 162, ಅಂದರೆ 0.89 ಕೆಜಿ. ಅಂಗಡಿಯಲ್ಲಿ ಒಂದು ಪೂರ್ತಿ ಕಂಬಿ ಸಾಮಾನ್ಯವಾಗಿ 12 ಮೀಟರ್ ಉದ್ದ, ತೂಕ ಸುಮಾರು 10.7 ಕೆಜಿ. ಗಾಡಿ ಬಂದು ನಿಂತಾಗ ಕಂಬಿ ಎಣಿಸಿ ಬಿಲ್ಲಿನ ತೂಕಕ್ಕೆ ಹೊಂದುತ್ತದೆಯೇ ನೋಡಲು ಇದೇ ಸೂತ್ರ ಸಾಕು.

ಕಂಬಿಗೆ ಕಂಬಿ ಜೋಡಿಸುವಾಗ ಒಂದರ ಮೇಲೊಂದು ಹಾಯುವ ಉದ್ದ ಆ ಪಟ್ಟಿಯಲ್ಲಿ ಸೇರಿದೆಯೇ ಅಂತ ಕೇಳಿ. ಸೇರಿದ್ದರೆ ಕಟಿಂಗಿಗೆ ನೂರಕ್ಕೆ 3ರಿಂದ 5 ಸಾಕು. ಬೈಂಡಿಂಗ್ ವೈರ್ ಒಂದು ಟನ್ ಕಂಬಿಗೆ ಸುಮಾರು 8ರಿಂದ 10 ಕೆಜಿ ಹಿಡಿಯುತ್ತದೆ.

7. ಪ್ಲಾಸ್ಟರ್

ಒಳಗೆ 12 ಮಿಲಿಮೀಟರ್, ಹೊರಗೆ ಎರಡು ಪದರದಲ್ಲಿ 20 ಮಿಲಿಮೀಟರ್ ಅಂತ ಹಿಡಿಯಬಹುದು. ಪಿಲ್ಲರ್, ಬೀಮ್, ಲಿಂಟಲ್ ಮೇಲೂ ಪ್ಲಾಸ್ಟರ್ ಬರುತ್ತದೆ. ಆದ್ದರಿಂದ ಬ್ಲಾಕಿಗೆ ಕಳೆದ ಈ ಮೂರನ್ನು ಇಲ್ಲಿ ಕಳೆಯಬಾರದು. ಒಳಗಿನ 12 ಮಿಲಿಮೀಟರಿಗೆ, ಒಂದಕ್ಕೆ ಐದರ ಮಿಶ್ರಣದಲ್ಲಿ, ನೂರು ಚದರ ಅಡಿಗೆ ಸಂದು-ಗುಂಡಿ ತುಂಬುವುದೂ ಸೇರಿ ಸುಮಾರು 42 ಕೆಜಿ ಸಿಮೆಂಟ್, 5 ಸಿಎಫ್‌ಟಿ ಪ್ಲಾಸ್ಟರಿಂಗ್ ಮರಳು ಬೇಕು. ಗೋಡೆ ಸೊಟ್ಟ ಕಟ್ಟಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ.

ಕೂಲಿಗೆ ಅಳೆಯುವ ಕ್ರಮ ಬೇರೆ. ಭಾರತೀಯ ಮಾನಕ ಐಎಸ್ 1200ರ ಪ್ರಕಾರ ಅರ್ಧ ಚದರ ಮೀಟರ್‌ವರೆಗಿನ ಕಿಂಡಿಯನ್ನು ಕಳೆಯುವುದಿಲ್ಲ. ಅರ್ಧದಿಂದ ಮೂರು ಚದರ ಮೀಟರ್ ಇದ್ದರೆ ಒಂದು ಮೈಯಲ್ಲಿ ಮಾತ್ರ ಕಳೆಯುತ್ತಾರೆ, ಯಾಕಂದರೆ ಕಿಟಕಿಯ ಒಳಬದಿಗಳಿಗೂ ಗಾರೆ ಹಚ್ಚಬೇಕು. ಮೇಸ್ತ್ರಿ ಕಿಟಕಿ ಕಳೆಯದೆ ಅಳೆದರು ಅಂತ ಜಗಳಕ್ಕೆ ನಿಲ್ಲುವ ಮೊದಲು ಇದು ಗೊತ್ತಿರಲಿ. ಮಾತು ಮೊದಲೇ ಆಗಿರಬೇಕು, ಅಷ್ಟೆ.

8. ಟೈಲ್ಸ್

ಇಲ್ಲಿ ಮಾಡೆಲ್ ತುಂಬಾ ಉಪಯೋಗಕ್ಕೆ ಬರುತ್ತದೆ. ಕೋಣೆಯ ವಿಸ್ತೀರ್ಣ ನೇರವಾಗಿ ತೋರಿಸುತ್ತದೆ. ಆದರೆ ವಿಸ್ತೀರ್ಣ ಒಂದನ್ನೇ ನೋಡಿ ಬಾಕ್ಸ್ ಎಣಿಸಿದರೆ ಟೈಲ್ಸ್ ಸಾಲುವುದಿಲ್ಲ.

11 ಅಡಿ × 10 ಅಡಿ 3 ಇಂಚಿನ ಮಲಗುವ ಕೋಣೆ ತೆಗೆದುಕೊಳ್ಳಿ. 112.75 ಚದರ ಅಡಿ. 2×2 ಟೈಲ್ಸ್, ಬಾಕ್ಸಿಗೆ ನಾಲ್ಕು, 16 ಚದರ ಅಡಿ ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಭಾಗಿಸಿದರೆ 7 ಬಾಕ್ಸ್, 28 ಟೈಲ್ಸ್. ನಿಜದಲ್ಲಿ ಆ ಟೈಲ್ಸ್ 600 ಮಿಲಿಮೀಟರ್, ಅಂದರೆ ಎರಡು ಅಡಿಗೆ ಹೆಚ್ಚುಕಡಿಮೆ 3/8 ಇಂಚು ಕಡಿಮೆ. ಬಾಕ್ಸಿಗೆ ಸಿಗುವುದು 15.5 ಚದರ ಅಡಿ. ಈಗ ಕೋಣೆಯಲ್ಲಿ ಹಾಸಿ ನೋಡಿ. 11 ಅಡಿಯ ಕಡೆ ಐದು ಪೂರ್ತಿ ಟೈಲ್ಸ್, ಮೇಲೆ ಅರ್ಧಕ್ಕಿಂತ ದೊಡ್ಡ ತುಂಡು. ಒಂದು ಟೈಲ್ಸಿನಿಂದ ಅಂಥ ಎರಡು ತುಂಡು ಬರುವುದಿಲ್ಲ. ಹಾಗಾಗಿ ಸಾಲಿಗೆ ಆರು, ಐದು ಸಾಲಿಗೆ 30. ಇನ್ನೊಂದು ಕಡೆ ಉಳಿಯುವ ಐದು ಇಂಚಿನ ಪಟ್ಟಿಗೆ ಕತ್ತರಿಸಿ ಉಳಿದ ತುಂಡುಗಳೇ ಬಹುಪಾಲು ಸಾಕು, ಒಂದು ಟೈಲ್ಸ್ ಹೆಚ್ಚಿಗೆ. ಒಟ್ಟು 31. ಒಡೆಯುವುದಕ್ಕೆ ಎರಡು ಸೇರಿಸಿದರೆ 33, ಅಂದರೆ 9 ಬಾಕ್ಸ್. ಇದರಲ್ಲಿ ಸ್ಕರ್ಟಿಂಗ್ ಸೇರಿಲ್ಲ. ಗೋಡೆಯ ಬುಡಕ್ಕೆ ಹಚ್ಚುವ ನಾಲ್ಕು ಇಂಚಿನ ಪಟ್ಟಿಗೆ ಕೋಣೆಯ ಸುತ್ತಳತೆ ಹಿಡಿದು ಬೇರೆ ಲೆಕ್ಕ ಹಾಕಿ.

ಮಾಡೆಲಿನಲ್ಲಿ ಟೈಲ್ಸಿನ ಚಿತ್ರವನ್ನು ನಿಜ ಅಳತೆಯಲ್ಲಿ ನೆಲಕ್ಕೆ ಹಾಕಿದರೆ ತುಂಡು ಎಲ್ಲಿ ಬರುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಬಾಗಿಲ ಎದುರು ಪೂರ್ತಿ ಟೈಲ್ಸ್, ಮಂಚದ ಕೆಳಗೆ ತುಂಡು ಬರುವ ಹಾಗೆ ಈಗಲೇ ಹೊಂದಿಸಿಕೊಳ್ಳಿ. ಎಲ್ಲ ಬಾಕ್ಸಿನ ಮೇಲೂ ಒಂದೇ ಬ್ಯಾಚ್ ನಂಬರ್ ಇರಲಿ. ಆಮೇಲೆ ನಾಲ್ಕು ಟೈಲ್ಸ್ ತರಲು ಹೋದರೆ ಬಣ್ಣ ಹೊಂದದೆ ಹೋಗಬಹುದು.

9. ತಾಳೆ ನೋಡಿ, ಹಂತ ಹಂತವಾಗಿ ತರಿಸಿ

ಎಲ್ಲ ಮುಗಿದ ಮೇಲೆ ಮೇಸ್ತ್ರಿಗಳ ಬಾಯಿಲೆಕ್ಕದ ಜೊತೆ ಹೋಲಿಸಿ. ಚದರ ಅಡಿಗೆ ಸಿಮೆಂಟ್ 0.4ರಿಂದ 0.5 ಮೂಟೆ, ಕಂಬಿ ಮೂರೂವರೆಯಿಂದ ನಾಲ್ಕೂವರೆ ಕೆಜಿ ಅನ್ನುವ ರೂಢಿ ಇದೆ. ನಮ್ಮ ಮನೆಗೆ 307ರಿಂದ 384 ಮೂಟೆ, 2.7ರಿಂದ 3.5 ಟನ್. ಇದನ್ನು ನೋಡಿ ಆರ್ಡರ್ ಕೊಡಬೇಡಿ. ನಿಮ್ಮ ಶೀಟಿನಲ್ಲಿ 200 ಮೂಟೆಯೋ 600 ಮೂಟೆಯೋ ಬಂದಿದ್ದರೆ ಎಲ್ಲೋ ಒಂದು ಸಾಲು ಬಿಟ್ಟಿದೆ ಅಥವಾ ಅಡಿ-ಮೀಟರ್ ಬೆರೆತಿದೆ ಅಂತ ಹುಡುಕಲು ಮಾತ್ರ ಇದನ್ನು ಬಳಸಿ.

ಎಂ-ಸ್ಯಾಂಡ್ ಈಗ ಹೆಚ್ಚಾಗಿ ಟನ್ ಲೆಕ್ಕದಲ್ಲಿ ಬರುತ್ತದೆ. ಒಂದು ಟನ್ನಿಗೆ ಸುಮಾರು 20ರಿಂದ 22 ಸಿಎಫ್‌ಟಿ ಹಿಡಿಯಿರಿ. ಉತ್ತರ ಕರ್ನಾಟಕದ ಕಡೆ ಬ್ರಾಸ್ ಅಂದರೆ 100 ಸಿಎಫ್‌ಟಿ. ತೂಕದಲ್ಲಿ ಕೊಂಡರೆ ಒದ್ದೆ ಮರಳಿನಲ್ಲಿ ನೀರಿಗೂ ದುಡ್ಡು ಕೊಟ್ಟ ಹಾಗಾಗುತ್ತದೆ. ಅಳತೆಯಲ್ಲಿ ಕೊಂಡರೆ ತೇವಕ್ಕೆ ಮರಳು ಉಬ್ಬಿ ಜಾಸ್ತಿ ಕಾಣುತ್ತದೆ. ಎರಡಕ್ಕೂ ನೂರಕ್ಕೆ ಹತ್ತರಷ್ಟು ಹೆಚ್ಚಿಗೆ ಇಟ್ಟುಕೊಂಡರೆ ಕೆಲಸ ನಿಲ್ಲುವುದಿಲ್ಲ.

ಸಿಮೆಂಟನ್ನು ಒಟ್ಟಿಗೆ ತರಿಸಿ ಪೇರಿಸಬೇಡಿ. ಇಟ್ಟಷ್ಟೂ ಶಕ್ತಿ ಕಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಶೀಟನ್ನು ಪಾಯ, ಗೋಡೆ, ತಾರಸಿ, ಪ್ಲಾಸ್ಟರ್ ಅಂತ ಒಡೆದು, ಆಯಾ ಹಂತಕ್ಕೆ ಬೇಕಾದಷ್ಟೇ ತರಿಸಿ. ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ ನಿಜಕ್ಕೂ ಎಷ್ಟು ಖರ್ಚಾಯಿತು ಅಂತ ಬರೆಯುತ್ತಾ ಹೋಗಿ. ಪಾಯದಲ್ಲಿ ಲೆಕ್ಕಕ್ಕಿಂತ ನೂರಕ್ಕೆ 12 ಸಿಮೆಂಟ್ ಜಾಸ್ತಿ ಹೋಗಿದ್ದರೆ, ಕಾರಣ ಅಳತೆಯೋ ಪೋಲೋ ಅಂತ ಗೋಡೆ ಏಳುವ ಮೊದಲೇ ಎಂಜಿನಿಯರ್ ಮತ್ತು ಮೇಸ್ತ್ರಿಯನ್ನು ಕೂರಿಸಿಕೊಂಡು ಕೇಳಿ, ಮುಂದಿನ ಸಾಲುಗಳನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಿ.